ಕ್ಲಬ್ ಆಡಿದರೆ ದೇಶ ಆಡಿದಂತಲ್ಲ

ಮಾನ್ಯ ಸಂಪಾದಕರೇ,

ಜುಲೈ ಮೂರನೇ ವಾರ ಬಂತೆಂದರೆ ನಿಮ್ಮ ಕ್ರೀಡಾಪುಟದಲ್ಲಿ ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ಸುದ್ದಿ ಶುರುವಾಗುತ್ತದೆ. ಲೀಗ್ ಆರಂಭಕ್ಕೆ ಮುನ್ನ ಅಮೆರಿಕ, ಜಪಾನ್, ಸಿಂಗಪುರಗಳಲ್ಲಿ ಆಡುವ ಪ್ರದರ್ಶನ ಪಂದ್ಯಗಳವು. ಅಮೆರಿಕದ ಪೂರ್ವ ತೀರದಲ್ಲಿ ಸಂಜೆ 7ಕ್ಕೆ ಶುರುವಾದ ಆಟ ನಮಗೆ ನಸುಕಿನ 4.30. ಅಷ್ಟು ಹೊತ್ತಿಗೆ ಎದ್ದು ನೋಡುವ ಹುಡುಗರು ಕಲಬುರಗಿಯಲ್ಲೂ ಇದ್ದಾರೆ, ಬೀದರ್‌ನಲ್ಲೂ ಇದ್ದಾರೆ. ನೋಡಲಾಗದವರು ಮರುದಿನದ ಪತ್ರಿಕೆಗೆ ಕಾಯುತ್ತಾರೆ. ಅವರಿಗಾಗಿ ಜಾಗ ಮೀಸಲಿಡುತ್ತೀರಲ್ಲ, ಅದಕ್ಕೆ ಕೃತಜ್ಞರು.

ತಕರಾರು ಇರುವುದು ತಲೆಬರಹದ ಬಗ್ಗೆ. ‘ಇಂಗ್ಲೆಂಡ್‌ಗೆ ಜಯ’, ‘ಸ್ಪೇನ್ ತಂಡಕ್ಕೆ ಆಘಾತ’ ಎಂದು ದಪ್ಪಕ್ಷರದಲ್ಲಿ ಬರುತ್ತದೆ, ಅಂಕಪಟ್ಟಿಯ ಪಕ್ಕದಲ್ಲಿ ಆಯಾ ದೇಶದ ಪುಟ್ಟ ಧ್ವಜವೂ ಇರುತ್ತದೆ. ಸುದ್ದಿಯ ಒಳಗೆ ಇಳಿದರೆ ಆಡಿದ್ದು ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ರಿಯಲ್ ಮ್ಯಾಡ್ರಿಡ್. ಇಂಥ ಪಂದ್ಯದಲ್ಲಿ ಕ್ಲಬ್ ತನ್ನನ್ನು ಬಿಟ್ಟು ಬೇರೆ ಯಾರನ್ನೂ ಪ್ರತಿನಿಧಿಸುವುದಿಲ್ಲ. ಇದು ಬರೀ ಪದದ ಜಗಳವಲ್ಲ. ‘ಪ್ರತಿನಿಧಿಸುವುದು’ ಎಂಬ ಮಾತಿಗೆ ನಮ್ಮ ಭಾಗದ ಮಕ್ಕಳು ತೆರುತ್ತಿರುವ ಬೆಲೆಯನ್ನು ಪತ್ರದ ಕೊನೆಯಲ್ಲಿ ಹೇಳುತ್ತೇವೆ.

2014ರ ಆಗಸ್ಟ್ 2ರ ಒಂದು ಪಂದ್ಯವನ್ನು ಹತ್ತಿರದಿಂದ ನೋಡೋಣ. ಅಮೆರಿಕದ ಆನ್ ಆರ್ಬರ್‌ನ ಮಿಶಿಗನ್ ಕ್ರೀಡಾಂಗಣ, 1,09,318 ಪ್ರೇಕ್ಷಕರು. ಆ ದೇಶದಲ್ಲಿ ಫುಟ್‌ಬಾಲ್ ನೋಡಲು ಅದುವರೆಗೆ ಅಷ್ಟು ಜನ ಸೇರಿರಲಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ 3, ರಿಯಲ್ ಮ್ಯಾಡ್ರಿಡ್ 1. ಇದನ್ನು ‘ಇಂಗ್ಲೆಂಡ್ 3, ಸ್ಪೇನ್ 1’ ಎಂದು ಓದಿ ನೋಡಿ. ‘ಸ್ಪೇನಿನ’ ಒಂದೇ ಒಂದು ಗೋಲನ್ನು ಪೆನಾಲ್ಟಿಯಲ್ಲಿ ಹೊಡೆದವರು ವೇಲ್ಸ್‌ನ ಗರೆತ್ ಬೇಲ್. ‘ಇಂಗ್ಲೆಂಡಿನ’ ಮೂರನೇ ಗೋಲು ಮೆಕ್ಸಿಕೊದ ಹಾವಿಯರ್ ಹೆರ್ನಾಂಡೆಸ್ ಅವರದು. ಮೊದಲೆರಡು ಗೋಲು ಹೊಡೆದ ಆಶ್ಲೆ ಯಂಗ್ ಮಾತ್ರ ಇಂಗ್ಲೆಂಡಿನವರು. ಒಂದು ಕಡೆಯ ಕೋಚ್ ನೆದರ್ಲೆಂಡ್ಸ್‌ನ ಲೂಯಿ ವಾನ್ ಗಾಲ್, ಇನ್ನೊಂದು ಕಡೆಯವರು ಇಟಲಿಯ ಕಾರ್ಲೊ ಅಂಚೆಲೊಟ್ಟಿ. ಎರಡು ದಿನ ಕಳೆದು ಮಯಾಮಿಯಲ್ಲಿ ಅದೇ ಟೂರ್ನಿಯ ಫೈನಲ್‌ನಲ್ಲಿ ಯುನೈಟೆಡ್ ಲಿವರ್‌ಪೂಲ್ ತಂಡವನ್ನು 3–1ರಿಂದ ಸೋಲಿಸಿತು. ಆಗ ಇಂಗ್ಲೆಂಡ್ ಇಂಗ್ಲೆಂಡನ್ನೇ ಸೋಲಿಸಿತು ಎನ್ನಬೇಕಾಗುತ್ತದೆ. ಕಪ್ ಹಿಡಿದು ಊರಿಗೆ ಮರಳಿದ ಅದೇ ತಂಡ ಆಗಸ್ಟ್ 16ರಂದು ಪ್ರೀಮಿಯರ್ ಲೀಗ್‌ನ ಮೊದಲ ಪಂದ್ಯದಲ್ಲಿ ತನ್ನ ಅಂಗಳದಲ್ಲೇ ಸ್ವಾನ್ಸಿ ಸಿಟಿಗೆ 1–2ರಿಂದ ಸೋತಿತು. ತಾಲೀಮಿನ ಆಟಕ್ಕೂ ಲೆಕ್ಕದ ಆಟಕ್ಕೂ ಅಷ್ಟು ಅಂತರ.

ದೇಶವನ್ನು ಪ್ರತಿನಿಧಿಸುವುದು ಎಂದರೆ ಒಂದು ಖಚಿತ ಏರ್ಪಾಡು. ಜಗತ್ತಿನ ಫುಟ್‌ಬಾಲ್ ಆಡಳಿತ ನೋಡಿಕೊಳ್ಳುವ ಫಿಫಾದಲ್ಲಿ 211 ಸದಸ್ಯ ಸಂಸ್ಥೆಗಳಿವೆ. ಭಾರತದಿಂದ ಇರುವುದು 1937ರಲ್ಲಿ ಹುಟ್ಟಿದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್. ಆ ಸಂಸ್ಥೆ ಕೋಚ್ ನೇಮಿಸಿ, ಆ ದೇಶದ ಪೌರತ್ವ ಇರುವವರನ್ನೇ ಆರಿಸಿ, ತನ್ನ ಲಾಂಛನದ ಜೆರ್ಸಿ ತೊಡಿಸಿ ಕಳಿಸಿದ ತಂಡವೇ ರಾಷ್ಟ್ರೀಯ ತಂಡ. ಕ್ಲಬ್ ಹಾಗಲ್ಲ. ಅದಕ್ಕೆ ಮಾಲೀಕರಿದ್ದಾರೆ ಅಥವಾ ಸದಸ್ಯರಿದ್ದಾರೆ, ಆಟಗಾರನೊಂದಿಗಿನ ಅದರ ಸಂಬಂಧ ಕರಾರಿನದು. ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ 2010ರ ಫೈನಲ್‌ಗೆ ಇಟಲಿಯ ಇಂಟರ್ ಮಿಲಾನ್ ಇಳಿಸಿದ ಹನ್ನೊಂದು ಜನರಲ್ಲಿ ಒಬ್ಬ ಇಟಲಿಯವನೂ ಇರಲಿಲ್ಲ. 2005ರ ಫೆಬ್ರುವರಿಯಲ್ಲಿ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧ ಆರ್ಸೆನಲ್ ಪ್ರಕಟಿಸಿದ 16 ಜನರ ಪಟ್ಟಿಯಲ್ಲಿ ಒಬ್ಬ ಇಂಗ್ಲಿಷ್ ಆಟಗಾರನೂ ಇರಲಿಲ್ಲ. ಎರಡೂ ನಿಯಮಕ್ಕೆ ಸರಿಯಾಗಿಯೇ ಇದ್ದವು.

ನಮ್ಮ ಕಡೆಯವರಿಗೆ ಇದು ಹೊಸ ವಿಚಾರವೇನಲ್ಲ. ಆಳಂದ, ಅಫಜಲಪುರ ಕಡೆಯ ಜಾತ್ರೆಯಲ್ಲಿ ಜಂಗಿ ಕುಸ್ತಿಗೆ ಸೊಲ್ಲಾಪುರದ ಪೈಲ್ವಾನನನ್ನು ಕರೆಸುತ್ತಾರೆ. ಬಂದವನಿಗೆ ಇನಾಮು ಗೊತ್ತು ಮಾಡಿರುತ್ತಾರೆ, ಗೆದ್ದವನಿಗೆ ಬೆಳ್ಳಿ ಕಡಗ. ಅವನು ನಮ್ಮೂರಿನವನನ್ನು ಚಿತ್ ಮಾಡಿದರೆ ಮಹಾರಾಷ್ಟ್ರ ಕರ್ನಾಟಕವನ್ನು ಸೋಲಿಸಿತು ಎಂದು ಅಖಾಡದ ಸುತ್ತ ಕೂತ ಯಾರೂ ಹೇಳುವುದಿಲ್ಲ. ಅದೇ ಇಬ್ಬರು ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ತಂತಮ್ಮ ರಾಜ್ಯದ ಹೆಸರಿನಲ್ಲಿ ಎದುರಾದರೆ ಆ ಮಾತು ಸರಿ. ಕ್ರಿಕೆಟ್‌ನಲ್ಲೂ ಈ ವಿವೇಕ ನಮಗಿದೆ. 2022ರಲ್ಲಿ ಮಹಾರಾಜ ಟ್ರೋಫಿ ಗೆದ್ದ ಗುಲ್ಬರ್ಗ ಮಿಸ್ಟಿಕ್ಸ್ ತಂಡಕ್ಕೆ ಊರೆಲ್ಲ ಹೆಮ್ಮೆಪಟ್ಟಿತು, ಆದರೆ ಅದು ಕಲಬುರಗಿ ಜಿಲ್ಲಾ ತಂಡವೆಂದು ಯಾರೂ ಭಾವಿಸಲಿಲ್ಲ. ಆರ್‌ಸಿಬಿ ಬೇರೆ, ರಣಜಿ ಆಡುವ ಕರ್ನಾಟಕ ಬೇರೆ. ಇದೇ ತಿಳಿವಳಿಕೆ ಫುಟ್‌ಬಾಲ್ ವಿಷಯಕ್ಕೆ ಬಂದಾಗ ಯಾಕೆ ಕೈಬಿಡುತ್ತದೆ?

ಒಂದು ಕಾರಣ ಭಾಷಾಂತರ. ವಿದೇಶಿ ಸುದ್ದಿಸಂಸ್ಥೆಗಳು ಮ್ಯಾಂಚೆಸ್ಟರ್ ಯುನೈಟೆಡ್ ಹೆಸರನ್ನು ಪದೇ ಪದೇ ಬರೆಯುವ ಬದಲು ‘ಇಂಗ್ಲಿಷ್ ಸೈಡ್’ ಎನ್ನುತ್ತವೆ. ಡೆಸ್ಕಿನಲ್ಲಿ ಅದು ‘ಇಂಗ್ಲೆಂಡ್ ತಂಡ’ ಆಗುತ್ತದೆ. ಕನ್ನಡದಲ್ಲಿ ‘ಇಂಗ್ಲೆಂಡಿನ ಒಂದು ಕ್ಲಬ್’ ಮತ್ತು ‘ಇಂಗ್ಲೆಂಡ್ ತಂಡ’ ಇವೆರಡರ ಅರ್ಥ ಅಜಗಜಾಂತರ. ಒಂದು ವಿಭಕ್ತಿ ಪ್ರತ್ಯಯ ಬಿಟ್ಟುಹೋದದ್ದಕ್ಕೆ ಒಂದು ದೇಶವೇ ಮೈದಾನಕ್ಕೆ ಇಳಿದುಬಿಡುತ್ತದೆ.

ಎರಡನೆಯ ಕಾರಣ ‘ಅಂತರರಾಷ್ಟ್ರೀಯ’ ಎಂಬ ಪದ. ಫಿಫಾ ನಿಯಮಾವಳಿಯಲ್ಲಿ ಬೇರೆ ಬೇರೆ ಸದಸ್ಯ ಸಂಸ್ಥೆಗಳಿಗೆ ಸೇರಿದ ಎರಡು ತಂಡಗಳ ನಡುವಿನ ಯಾವುದೇ ಪಂದ್ಯ ಅಂತರರಾಷ್ಟ್ರೀಯ ಪಂದ್ಯವೇ. ಅವು ಎರಡು ಕ್ಲಬ್ ಆಗಿರಬಹುದು, ಎರಡು ರಾಷ್ಟ್ರೀಯ ತಂಡ ಆಗಿರಬಹುದು, ಒಂದು ಕ್ಲಬ್ ಮತ್ತು ಒಂದು ರಾಷ್ಟ್ರೀಯ ತಂಡವೂ ಆಗಿರಬಹುದು. ಆದರೆ ಅದೇ ನಿಯಮಾವಳಿ ಇವನ್ನು ದರ್ಜೆಯಾಗಿ ಬೇರ್ಪಡಿಸುತ್ತದೆ. ಎರಡೂ ಕಡೆ ದೇಶದ ಪ್ರಧಾನ ತಂಡ, ಅಂದರೆ ‘ಎ’ ತಂಡ ಇದ್ದರೆ ಮಾತ್ರ ಮೊದಲ ದರ್ಜೆ. ಪ್ರಮುಖ ಕ್ಲಬ್‌ಗಳ ಪ್ರವಾಸದ ಪಂದ್ಯಗಳು ಎರಡನೇ ದರ್ಜೆಗೆ ಬರುತ್ತವೆ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ: ವಿದೇಶಕ್ಕೆ ಹೋಗಿ ಆಡಲು ಕ್ಲಬ್ ತನ್ನ ದೇಶದ ಸಂಸ್ಥೆಯ ಅನುಮತಿ ಪಡೆಯಲೇಬೇಕಲ್ಲ, ಹಾಗಾದರೆ ಅದು ಪ್ರತಿನಿಧಿಯಲ್ಲವೇ? ಅಲ್ಲ. ಸಂಘಟಕರು ಮತ್ತು ಕ್ಲಬ್ ನಡುವೆ ಮೊದಲು ಒಪ್ಪಂದ ಆಗುತ್ತದೆ. ಆಡುವ ಸಂಭಾವನೆ, ಪ್ರಯಾಣ, ವಸತಿ, ಪ್ರಸಾರದ ಹಕ್ಕು, ಕೆಲವೊಮ್ಮೆ ಇಂತಿಂಥ ತಾರೆಯರು ಬರಲೇಬೇಕೆಂಬ ಷರತ್ತು, ಎಲ್ಲ ಅದರಲ್ಲಿರುತ್ತದೆ. ಆಮೇಲೆ ಕ್ಲಬ್ ತನ್ನ ಸಂಸ್ಥೆಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ಪಂದ್ಯ ನಡೆಯುವ ದೇಶದ ಸಂಸ್ಥೆಯೂ ಒಪ್ಪಬೇಕು, ರೆಫರಿಗಳನ್ನು ಕೊಡುವುದು ಅದೇ. ಮಾನ್ಯತೆ ಇಲ್ಲದ ತಂಡದೊಂದಿಗೆ ಆಡದಿರಲಿ, ಶಿಸ್ತು ತಪ್ಪಿದರೆ ವಿಚಾರಿಸಲು ಒಬ್ಬರಿರಲಿ, ಲೀಗಿನ ವೇಳಾಪಟ್ಟಿಗೆ ಅಡ್ಡಿ ಬಾರದಿರಲಿ ಎಂಬುದಕ್ಕೆ ಈ ಅನುಮತಿ. ಪಾಸ್‌ಪೋರ್ಟ್ ಕೊಟ್ಟ ಮಾತ್ರಕ್ಕೆ ಸರ್ಕಾರ ಪ್ರವಾಸಿಯನ್ನು ರಾಯಭಾರಿ ಮಾಡಿದಂತಾಗುವುದಿಲ್ಲ.

ಆಟ ಆಡುವ ರೀತಿಯಲ್ಲೇ ಇದು ಕಾಣುತ್ತದೆ. ರಜೆ ಮುಗಿಸಿ ಬಂದ ಆಟಗಾರನ ದಮ್ಮು ಮತ್ತು ಸ್ನಾಯುಗಳನ್ನು ಮೆಲ್ಲಗೆ ಹುರಿಗೊಳಿಸುವುದು ಋತುಪೂರ್ವ ಪಂದ್ಯದ, ಅಂದರೆ ಲೀಗ್ ಆರಂಭಕ್ಕೆ ಮುನ್ನ ಆಡುವ ಪಂದ್ಯದ ಮೊದಲ ಕೆಲಸ. ಆರಂಭದ ಪಂದ್ಯಗಳಲ್ಲಿ ಒಬ್ಬೊಬ್ಬರಿಗೆ 45 ನಿಮಿಷ, ಆಮೇಲೆ 60, ಲೀಗ್ ಹತ್ತಿರ ಬಂದಾಗ 75–90. ಅವಸರಪಟ್ಟು ಮೊದಲ ವಾರವೇ ಪೂರ್ತಿ ಆಡಿಸಿದರೆ ತೊಡೆಯ ಹಿಂಬದಿಯ ಸ್ನಾಯು ಹಿಡಿಯುತ್ತದೆ, ತೊಡೆಸಂದು ನೋಯುತ್ತದೆ, ಆಟಗಾರ ಲೀಗ್‌ನ ಮೊದಲ ವಾರಗಳನ್ನೇ ಕಳೆದುಕೊಳ್ಳುತ್ತಾನೆ. ಅದಕ್ಕೇ ವಿರಾಮದ ಹೊತ್ತಿಗೆ ಹನ್ನೊಂದಕ್ಕೆ ಹನ್ನೊಂದೂ ಜನರನ್ನು ಬದಲಿಸುವುದು ಸಾಮಾನ್ಯ. ಆಟದ ನಿಯಮ 3 ಇದಕ್ಕೆ ಅವಕಾಶ ಕೊಟ್ಟಿದೆ: ಎರಡೂ ತಂಡಗಳು ಬದಲಿ ಆಟಗಾರರ ಸಂಖ್ಯೆಯನ್ನು ಒಪ್ಪಿಕೊಂಡು ಪಂದ್ಯಕ್ಕೆ ಮುಂಚೆಯೇ ರೆಫರಿಗೆ ತಿಳಿಸಿರಬೇಕು. ತಿಳಿಸದೆ ಮರೆತರೆ ನಿಯಮದ ಮಿತಿಯೇ ಅನ್ವಯ. ಮೊದಲೇ ಮಾತಾಡಿಕೊಳ್ಳದೆ ಎರಡನೇ ಅವಧಿಯಲ್ಲಿ ಜಗಳವಾಡುವುದು ನಮ್ಮ ಸ್ಥಳೀಯ ಸೌಹಾರ್ದ ಪಂದ್ಯಗಳಲ್ಲೂ ಕಾಣುವ ತಪ್ಪು. ಬ್ರಿಟನ್ನಿನ ಕ್ಲಬ್‌ಗಳ ಇಂಥ ಪಂದ್ಯಗಳ ಪಟ್ಟಿಯಲ್ಲಿ ‘ಟ್ರಯಲಿಸ್ಟ್’ ಎಂದಷ್ಟೇ ಬರೆದಿರುವುದುಂಟು. ಇನ್ನೂ ಕರಾರಾಗದೆ ಪರೀಕ್ಷೆಗೆ ಬಂದ ಆಟಗಾರ ಅವನು. ಹೆಸರೇ ಹೇಳದ ಆಟಗಾರ ಯಾವ ದೇಶವನ್ನು ಪ್ರತಿನಿಧಿಸಿದ?

ರಾಷ್ಟ್ರೀಯ ತಂಡಗಳಿಗೆ ಮಿತಿಯಿಲ್ಲದ ಈ ಸಲುಗೆ ಇಲ್ಲ. 2003ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧದ ಸೌಹಾರ್ದ ಪಂದ್ಯದಲ್ಲಿ ಇಂಗ್ಲೆಂಡ್ ಕೋಚ್ ಸ್ವೆನ್ ಗೊರಾನ್ ಎರಿಕ್ಸನ್ ವಿರಾಮದ ವೇಳೆ ಇಡೀ ತಂಡವನ್ನೇ ಬದಲಿಸಿದರು. ಇಂಗ್ಲೆಂಡ್ 1–3ರಿಂದ ಸೋತಿತು. ದೇಶದ ಹೆಸರಿನ ಪಂದ್ಯಕ್ಕೆ ಇದು ತಕ್ಕುದಲ್ಲ ಎಂಬ ಅಸಮಾಧಾನ ಎಷ್ಟಿತ್ತೆಂದರೆ, ಮರುವರ್ಷವೇ ‘ಎ’ ಸೌಹಾರ್ದ ಪಂದ್ಯಗಳಲ್ಲಿ ಬದಲಾವಣೆಗೆ ಆರರ ಮಿತಿ ಬಂತು. ಈಗ ಆ ಸಂಖ್ಯೆ ಬದಲಾಗಿದೆ, ತತ್ವ ಬದಲಾಗಿಲ್ಲ.

ಲೆಕ್ಕದ ಪುಸ್ತಕವೂ ಇದನ್ನೇ ಹೇಳುತ್ತದೆ. 2018ರ ಆಗಸ್ಟ್‌ನಿಂದ ಜಾರಿಯಲ್ಲಿರುವ ಫಿಫಾ ಶ್ರೇಯಾಂಕ ಸೂತ್ರದಲ್ಲಿ ರಾಷ್ಟ್ರೀಯ ತಂಡಗಳ ಸೌಹಾರ್ದ ಪಂದ್ಯಕ್ಕೂ ತೂಕವಿದೆ: ನಿಗದಿತ ಅಂತರರಾಷ್ಟ್ರೀಯ ಅವಧಿಯ ಒಳಗಾದರೆ 10, ಹೊರಗಾದರೆ 5. ಕ್ಲಬ್ ಪಂದ್ಯಕ್ಕೆ ಸೊನ್ನೆ, ಒಂದು ಲಕ್ಷ ಜನ ನೋಡಿದರೂ ಸೊನ್ನೆಯೇ. ಗಾಯದ ವಿಷಯ ಇನ್ನೂ ಸ್ಪಷ್ಟ. ರಾಷ್ಟ್ರೀಯ ತಂಡಕ್ಕೆ ಆಡುವಾಗ ಪೆಟ್ಟಾಗಿ 28 ದಿನಕ್ಕಿಂತ ಹೆಚ್ಚು ಹೊರಗುಳಿದರೆ ಫಿಫಾದ ಕ್ಲಬ್ ರಕ್ಷಣಾ ಯೋಜನೆಯಡಿ ಆಟಗಾರನ ಸಂಬಳಕ್ಕೆ ಗರಿಷ್ಠ 75 ಲಕ್ಷ ಯೂರೋವರೆಗೆ ಪರಿಹಾರ ಕ್ಲಬ್‌ಗೆ ಸಿಗುತ್ತದೆ. ದೇಶದ ಕೆಲಸಕ್ಕೆ ಹೋದಾಗ ಆದ ನಷ್ಟ ಎಂಬುದು ಅದರ ಅರ್ಥ. ಋತುಪೂರ್ವ ಪಂದ್ಯದಲ್ಲಿ ಕಾಲು ಮುರಿದರೆ ಆ ಯೋಜನೆ ಬರುವುದಿಲ್ಲ. ಖರ್ಚು ಕ್ಲಬ್‌ನದು, ಅದು ಮಾಡಿಸಿದ ವಿಮೆಯದು.

ಹಾಗಾದರೆ ಕ್ಲಬ್ ಎಂದೂ ದೇಶದ ಲೆಕ್ಕಕ್ಕೆ ಬರುವುದೇ ಇಲ್ಲವೇ? ಬರುತ್ತದೆ, ಅಧಿಕೃತ ಖಂಡಮಟ್ಟದ ಟೂರ್ನಿಗಳಲ್ಲಿ ಒಂದು ಮಟ್ಟಿಗೆ. ಚಾಂಪಿಯನ್ಸ್ ಲೀಗ್, ಯುರೋಪಾ ಲೀಗ್‌ಗಳಲ್ಲಿ ಕ್ಲಬ್ ಗೆದ್ದರೆ ಅದರ ಸಂಸ್ಥೆಯ ಖಾತೆಗೆ 2 ಅಂಕ, ಡ್ರಾ ಆದರೆ 1, ಅರ್ಹತಾ ಸುತ್ತುಗಳಲ್ಲಿ ಇದರರ್ಧ. ಒಂದು ಸಂಸ್ಥೆಯ ಏಳು ಕ್ಲಬ್‌ಗಳು ಬೋನಸ್ ಸೇರಿ ಒಟ್ಟು 98 ಅಂಕ ತಂದರೆ ಏಳರಿಂದ ಭಾಗಿಸಿ ಆ ವರ್ಷದ ಲೆಕ್ಕ 14. ಹೀಗೆ ಐದು ವರ್ಷದ್ದು ಕೂಡಿ, ಮುಂದೆ ಯಾವ ದೇಶದ ಲೀಗ್‌ಗೆ ಎಷ್ಟು ಸ್ಥಾನ ಎಂದು ತೀರ್ಮಾನವಾಗುತ್ತದೆ. ಇಲ್ಲಿಯೂ ಗಡಿ ಮತ್ತು ಸಂಸ್ಥೆ ಒಂದೇ ಅಲ್ಲ ಎಂಬುದಕ್ಕೆ ಆಗಲೇ ಹೇಳಿದ ಸ್ವಾನ್ಸಿಯೇ ಸಾಕ್ಷಿ. ಊರು ವೇಲ್ಸ್‌ನದು, ಆಡುವುದು ಇಂಗ್ಲೆಂಡಿನ ಲೀಗ್‌ನಲ್ಲಿ. 2013ರ ಲೀಗ್ ಕಪ್ ಗೆದ್ದು ಯುರೋಪಾ ಲೀಗ್‌ಗೆ ಹೋಗಿ, ಆ ಸೆಪ್ಟೆಂಬರ್‌ನಲ್ಲಿ ವಲೆನ್ಸಿಯಾ ತಂಡವನ್ನು ಅದರ ಅಂಗಳದಲ್ಲೇ 3–0ಯಿಂದ ಸೋಲಿಸಿತು. ಅಂಕ ಸೇರಿದ್ದು ಇಂಗ್ಲೆಂಡಿನ ಖಾತೆಗೆ, ವೇಲ್ಸ್‌ಗಲ್ಲ. ಮೊನಾಕೊ ಎಂಬ ಪುಟ್ಟ ರಾಜ್ಯ ಫಿಫಾ ಸದಸ್ಯನೇ ಅಲ್ಲ, ಅಲ್ಲಿನ ಕ್ಲಬ್ 2004ರಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್ ತಲುಪಿದ್ದು ಫ್ರಾನ್ಸ್ ಸಂಸ್ಥೆಯ ಮೂಲಕ. ನೀವು ಸ್ವಾನ್ಸಿಯ ಪಕ್ಕದಲ್ಲಿ ಯಾವ ಧ್ವಜ ಹಾಕುತ್ತೀರಿ?

ನಮ್ಮ ಬೆಂಗಳೂರು ಎಫ್‌ಸಿ 2016ರಲ್ಲಿ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ದೋಹಾದಲ್ಲಿ ಇರಾಕಿನ ವಾಯುಪಡೆ ಕ್ಲಬ್‌ಗೆ 0–1ರಿಂದ ಸೋತಿತು. ಭಾರತದ ಸಂಸ್ಥೆಯ ಮೂಲಕ ಹೋದ ತಂಡ ಎಂಬ ಅರ್ಥದಲ್ಲಿ ‘ಭಾರತದ ಕ್ಲಬ್’ ಎಂದರೆ ಸರಿ, ‘ಭಾರತಕ್ಕೆ ಸೋಲು’ ಎಂದರೆ ಆಗಲೂ ತಪ್ಪು. ಸುನಿಲ್ ಛೆಟ್ರಿ ಆ ಕ್ಲಬ್‌ಗೆ ಹೊಡೆದ ಗೋಲುಗಳಲ್ಲಿ ಒಂದೂ ಅವರ ಭಾರತ ಪರದ ಗೋಲುಗಳ ಲೆಕ್ಕಕ್ಕೆ ಸೇರಿಲ್ಲ.

ಮಿಶ್ರ ಪಂದ್ಯ ಬಂದಾಗ ಇನ್ನೂ ಎಚ್ಚರ ಬೇಕು. 2012ರ ಜನವರಿ 10ರಂದು ದೆಹಲಿಯಲ್ಲಿ ಬೈಚುಂಗ್ ಭುಟಿಯಾ ಅವರ ಬೀಳ್ಕೊಡುಗೆಗೆ ಬಯರ್ನ್ ಮ್ಯೂನಿಕ್ ಬಂದು ಭಾರತ ತಂಡವನ್ನು 4–0ಯಿಂದ ಸೋಲಿಸಿತು. ಒಂದು ಕಡೆ ದೇಶ, ಇನ್ನೊಂದು ಕಡೆ ಕ್ಲಬ್. ಭಾರತ ಸೋತಿತು ಎಂದು ಬರೆಯಬಹುದು, ಜರ್ಮನಿ ಗೆದ್ದಿತು ಎಂದು ಬರೆಯುವಂತಿಲ್ಲ. 1977ರಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪೆಲೆ ಇದ್ದ ನ್ಯೂಯಾರ್ಕ್ ಕಾಸ್ಮೋಸ್ ಜೊತೆ ಮೋಹನ್ ಬಾಗಾನ್ 2–2 ಡ್ರಾ ಮಾಡಿಕೊಂಡದ್ದು ಮೋಹನ್ ಬಾಗಾನ್‌ನ ಹಿರಿಮೆ. ಹಾಗೇ, 2011ರ ಸೆಪ್ಟೆಂಬರ್ 2ರಂದು ಅದೇ ನಗರದ ಸಾಲ್ಟ್ ಲೇಕ್‌ನಲ್ಲಿ ಮೆಸ್ಸಿ ನಾಯಕತ್ವದ ಅರ್ಜೆಂಟೀನಾ ವೆನೆಜುವೆಲಾವನ್ನು 1–0ಯಿಂದ ಸೋಲಿಸಿತಲ್ಲ, ಅದೂ ಸೌಹಾರ್ದ ಪಂದ್ಯವೇ. ಆದರೆ ಅಲ್ಲಿ ಎರಡೂ ಕಡೆ ದೇಶಗಳಿದ್ದವು. ಸೌಹಾರ್ದವೋ ಅಲ್ಲವೋ ಎಂಬುದು ಪ್ರಶ್ನೆಯಲ್ಲ, ತಂಡವನ್ನು ಕಳಿಸಿದವರು ಯಾರು ಎಂಬುದು ಪ್ರಶ್ನೆ.

ಕ್ಲಬ್‌ನ ಸೌಹಾರ್ದ ಪಂದ್ಯವೇ ಜನರ ಮನಸ್ಸಿನಲ್ಲಿ ದೇಶದ ಪಂದ್ಯವಾದ ಸಂದರ್ಭಗಳು ಇತಿಹಾಸದಲ್ಲಿ ಇಲ್ಲವೆಂದಲ್ಲ. 1945ರ ನವೆಂಬರ್‌ನಲ್ಲಿ, ಮಹಾಯುದ್ಧ ಮುಗಿದ ಕೆಲವೇ ತಿಂಗಳಲ್ಲಿ, ಡೈನಮೊ ಮಾಸ್ಕೊ ಬ್ರಿಟನ್ನಿಗೆ ಬಂತು. ಚೆಲ್ಸಿ ಜೊತೆ 3–3, ಕಾರ್ಡಿಫ್ ವಿರುದ್ಧ 10–1, ದಟ್ಟ ಮಂಜಿನಲ್ಲಿ ಆರ್ಸೆನಲ್ ವಿರುದ್ಧ 4–3, ಗ್ಲಾಸ್ಗೊದಲ್ಲಿ ರೇಂಜರ್ಸ್ ಜೊತೆ 2–2. ಚೆಲ್ಸಿ ಪಂದ್ಯಕ್ಕೆ ಮುಂಚೆ ಎದುರಾಳಿಗಳ ಕೈಗೆ ಒಂದೊಂದು ಹೂಗುಚ್ಛ ಇಟ್ಟ ರಷ್ಯನ್ನರನ್ನು ನೋಡಲು ಜನ ಮುಗಿಬಿದ್ದರು. ಅದು ರಷ್ಯ–ಬ್ರಿಟನ್ ಪಂದ್ಯವೆಂದೇ ಎಲ್ಲರೂ ನೋಡಿದರು. ಆದರೆ ಡೈನಮೊ ಬೇರೆ ಕ್ಲಬ್‌ನ ಬೊಬ್ರೊವ್ ಅವರನ್ನು ಕರೆತಂದಿತ್ತು. ಆರ್ಸೆನಲ್ ಪರ ಅತಿಥಿಗಳಾಗಿ ಆಡಿದವರಲ್ಲಿ ಸ್ಟಾನ್ಲಿ ಮ್ಯಾಥ್ಯೂಸ್ ಕೂಡ ಇದ್ದರು. ಇವು ಕ್ಲಬ್‌ಗಳೇ ಅಲ್ಲ, ಇವು ದೇಶಗಳೂ ಅಲ್ಲ ಎಂಬ ವಾದ ಎರಡೂ ಕಡೆ ಎದ್ದಿತು.

1954ರ ಡಿಸೆಂಬರ್ 13ರದು ಇನ್ನೂ ಒಳ್ಳೆಯ ಉದಾಹರಣೆ. ಹಂಗರಿ ಇಂಗ್ಲೆಂಡನ್ನು ಹಿಂದಿನ ವರ್ಷ 6–3ರಿಂದ, ಆ ಮೇ ತಿಂಗಳಲ್ಲಿ 7–1ರಿಂದ ಬಗ್ಗುಬಡಿದಿತ್ತು. ಆ ಹಂಗರಿಯ ತಾರೆಯರೇ ತುಂಬಿದ್ದ ಹೊನ್ವೆಡ್ ಕ್ಲಬ್ ವುಲ್ವರ್‌ಹ್ಯಾಂಪ್ಟನ್‌ಗೆ ಬಂದಾಗ ವುಲ್ವ್ಸ್ ವ್ಯವಸ್ಥಾಪಕ ಸ್ಟಾನ್ ಕಲಿಸ್ ಅಂಗಳಕ್ಕೆ ನೀರು ಹಾಯಿಸಿದರು. ಕೆಸರಿನಲ್ಲಿ ಹಂಗರಿಯವರ ಚುಟುಕು ಪಾಸ್‌ಗಳು ಮೆಲ್ಲಗೆ ಸಾಯತೊಡಗಿದವು. 0–2ರಿಂದ ಹಿಂದಿದ್ದ ವುಲ್ವ್ಸ್ 3–2ರಿಂದ ಗೆದ್ದಿತು. ಇಂಗ್ಲಿಷ್ ಪತ್ರಿಕೆಗಳು ವುಲ್ವ್ಸ್ ಜಗತ್ತಿನ ಚಾಂಪಿಯನ್ ಎಂದು ಬರೆದವು. ಅದಕ್ಕೆ ಫ್ರಾನ್ಸಿನ ಕ್ರೀಡಾ ಪತ್ರಕರ್ತ ಗೇಬ್ರಿಯಲ್ ಅನೊ ಕೊಟ್ಟ ಉತ್ತರದ ಸಾರ ಇಷ್ಟು: ಹಾಗೆನ್ನುವ ಮುಂಚೆ ಅವರು ಮಾಸ್ಕೊ, ಬುಡಾಪೆಸ್ಟ್‌ಗೂ ಹೋಗಿ ಗೆದ್ದು ಬರಲಿ, ಅದಕ್ಕೊಂದು ಸರಿಯಾದ ಟೂರ್ನಿ ಬೇಕು. ಮರುವರ್ಷವೇ ಯುರೋಪಿಯನ್ ಕಪ್ ಶುರುವಾಯಿತು, ಇವತ್ತಿನ ಚಾಂಪಿಯನ್ಸ್ ಲೀಗ್‌ನ ಬೇರು ಅದು. ಪತ್ರಿಕೆಯ ಉತ್ಪ್ರೇಕ್ಷೆಯನ್ನು ಇನ್ನೊಂದು ಪತ್ರಿಕೆ ತಿದ್ದಿದ್ದರಿಂದ ಆದ ಒಳಿತು ಇದು ಎಂದು ನಿಮಗೆ ನೆನಪಿಸಲು ನಮಗೆ ಸಂತೋಷ.

ನಮ್ಮ ಭಾಗದ ಹಿರಿಯರು ಈ ಗೆರೆಯನ್ನು ಚೆನ್ನಾಗಿ ಬಲ್ಲವರು. 1956ಕ್ಕೆ ಮುಂಚೆ ಕಲಬುರಗಿ, ಬೀದರ್ ಹೈದರಾಬಾದ್ ರಾಜ್ಯದಲ್ಲಿದ್ದವು. ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ಬಾರಿ ರೋವರ್ಸ್ ಕಪ್ ಗೆದ್ದಿತು. ಗೆದ್ದದ್ದು ಪೊಲೀಸ್ ತಂಡ. ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿಗೆ ಹೋಗುವ ಹೈದರಾಬಾದ್ ತಂಡ ಬೇರೆಯೇ ಇತ್ತು, ಆಟಗಾರರು ಎಷ್ಟೋ ಮಂದಿ ಅವರೇ ಆಗಿದ್ದರೂ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ತಂದದ್ದು ಕರ್ನಾಟಕ. ಅದನ್ನು ‘ಕರ್ನಾಟಕಕ್ಕೆ ಜಯ’ ಎಂದು ಎಷ್ಟು ದೊಡ್ಡ ಅಕ್ಷರದಲ್ಲಿ ಹಾಕಿದರೂ ಕಡಿಮೆಯೇ.

ಈಗ ಆ ಬೆಲೆಯ ಮಾತು. ‘ಅಂತರರಾಷ್ಟ್ರೀಯ’, ‘ದೇಶವನ್ನು ಪ್ರತಿನಿಧಿಸುವ ಅವಕಾಶ’ ಎಂಬ ಪದಗಳನ್ನು ಹಿಡಿದು ಖಾಸಗಿ ಟೂರ್ನಿಗಳವರು ನಮ್ಮ ಜಿಲ್ಲೆಗಳ ಶಾಲಾ ಮಕ್ಕಳ ಪಾಲಕರಿಂದ ಹಣ ಕಟ್ಟಿಸಿಕೊಳ್ಳುತ್ತಾರೆ. ರೈಲು ಹತ್ತಿಸಿ ಪರರಾಜ್ಯಕ್ಕೋ ನೆರೆಯ ದೇಶಕ್ಕೋ ಕರೆದೊಯ್ಯುತ್ತಾರೆ. ಎದೆಯ ಮೇಲೆ ‘ಇಂಡಿಯಾ’ ಎಂದು ಮುದ್ರಿಸಿದ ಜೆರ್ಸಿ, ಕೊರಳಿಗೆ ಪದಕ, ಕೈಗೆ ಬಣ್ಣದ ಪ್ರಮಾಣಪತ್ರ. ಹುಡುಗ ದೊಡ್ಡವನಾಗಿ ಕ್ರೀಡಾ ಕೋಟಾದಡಿ ಕೆಲಸಕ್ಕೆ ಅರ್ಜಿ ಹಾಕಿದಾಗ ಆ ಪತ್ರ ದಾಖಲೆ ಪರಿಶೀಲನೆಯ ಮೇಜಿನ ಮೇಲೆಯೇ ಬಿದ್ದುಹೋಗುತ್ತದೆ. ಯಾಕೆಂದರೆ ಕೇಂದ್ರ ಸರ್ಕಾರದ ನೇಮಕಾತಿಯಲ್ಲಿ ಪ್ರಮಾಣಪತ್ರಕ್ಕೆ ನಿಗದಿತ ನಮೂನೆಗಳಿವೆ, ಸಹಿ ಮಾಡಬೇಕಾದವರು ಯಾರೆಂದೂ ನಿಗದಿಯಾಗಿದೆ. ಭಾರತದ ಪರ ಆಡಿದ್ದಕ್ಕೆ ನಮೂನೆ 1, ಸಹಿ ರಾಷ್ಟ್ರೀಯ ಫೆಡರೇಷನ್ ಕಾರ್ಯದರ್ಶಿಯದು. ರಾಜ್ಯದ ಪರ ನಮೂನೆ 2, ಸಹಿ ರಾಜ್ಯ ಸಂಸ್ಥೆಯ ಕಾರ್ಯದರ್ಶಿಯದು. ವಿಶ್ವವಿದ್ಯಾಲಯಕ್ಕೆ ನಮೂನೆ 3, ಶಾಲಾ ಕ್ರೀಡೆಗೆ ನಮೂನೆ 4. ಖಾಸಗಿ ಸಂಘಟಕನ ಸಹಿಗೆ ಇದರಲ್ಲಿ ಜಾಗವೇ ಇಲ್ಲ.

ಪಾಲಕರು ಹಣ ಕಟ್ಟುವ ಮುಂಚೆ ಕೇಳಬೇಕಾದದ್ದು ಹೆಚ್ಚಿಲ್ಲ. ಆಯ್ಕೆ ಪ್ರಕ್ರಿಯೆಯ ಸೂಚನೆ ಹೊರಡಿಸಿದ್ದು ಜಿಲ್ಲಾ ಅಥವಾ ರಾಜ್ಯ ಫುಟ್‌ಬಾಲ್ ಸಂಸ್ಥೆಯೋ, ಬೇರೆಯವರೋ? ಮಗುವಿನ ಹೆಸರು ಫೆಡರೇಷನ್ನಿನ ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಲ್ಲಿ ಇದೆಯೋ? ಮುಗಿದ ಮೇಲೆ ಯಾವ ನಮೂನೆಗೆ ಯಾರು ಸಹಿ ಮಾಡಿಕೊಡುತ್ತಾರೆ? ಮೂರನೆಯ ಪ್ರಶ್ನೆಗೆ ತಡವರಿಸಿದರೆ ಹಣ ಜೇಬಿನಲ್ಲೇ ಇರಲಿ. ಮಗು ಆಟದ ಅನುಭವಕ್ಕಾಗಿ ಹೋಗುವುದಾದರೆ ಸಂತೋಷದಿಂದ ಹೋಗಲಿ, ಗೊತ್ತಿದ್ದು ಹೋಗಲಿ. ಮ್ಯಾಂಚೆಸ್ಟರ್ ಯುನೈಟೆಡ್ ಆಡಿದರೆ ಇಂಗ್ಲೆಂಡ್ ಆಡಿದಂತೆ ಎಂದು ವರ್ಷವರ್ಷವೂ ಓದುತ್ತ ಬಂದ ಮನೆಯಲ್ಲಿ, ಯಾರೋ ‘ಇಂಡಿಯಾ’ ಜೆರ್ಸಿ ತೊಡಿಸಿದರೆ ದೇಶಕ್ಕೆ ಆಡಿದಂತೆ ಎಂಬ ನಂಬಿಕೆ ಸುಲಭವಾಗಿ ಬೇರೂರುತ್ತದೆ.

ನಿಮ್ಮ ಡೆಸ್ಕಿಗೆ ಇದು ದೊಡ್ಡ ಹೊರೆಯಲ್ಲ. ತಲೆಬರಹದಲ್ಲಿ ಕ್ಲಬ್‌ನ ಹೆಸರೇ ಬರಲಿ. ಜಾಗ ಸಾಲದಿದ್ದರೆ ‘ಮ್ಯಾನ್ ಯುನೈಟೆಡ್’, ‘ರಿಯಲ್’ ಎಂದರೂ ಓದುಗರಿಗೆ ತಿಳಿಯುತ್ತದೆ. ದೇಶ ಹೇಳಲೇಬೇಕಾದರೆ ‘ಸ್ಪೇನಿನ ಕ್ಲಬ್’ ಎಂದು ಷಷ್ಠಿಯಲ್ಲಿ ಬರಲಿ. ಧ್ವಜದ ಬದಲು ಕ್ಲಬ್ ಲಾಂಛನ, ಇಲ್ಲವೇ ಏನೂ ಬೇಡ. ಅಂಕಪಟ್ಟಿಯ ಮೇಲೆ ‘ಕ್ಲಬ್ ಸೌಹಾರ್ದ ಪಂದ್ಯ’ ಎಂಬ ಮೂರು ಪದ ಇರಲಿ. ಅನುಮಾನ ಬಂದರೆ ಚಿತ್ರದಲ್ಲಿ ಜೆರ್ಸಿಯ ಎದೆ ನೋಡಿ: ಕಂಪನಿಯ ಹೆಸರು ದೊಡ್ಡದಾಗಿದ್ದರೆ ಅದು ಬಹುಮಟ್ಟಿಗೆ ಕ್ಲಬ್ಬೇ. ಆಟಗಾರರ ಪಟ್ಟಿಯಲ್ಲಿ ಹದಿನೈದು–ಇಪ್ಪತ್ತು ಬದಲಾವಣೆ ಕಂಡರೆ ಅನುಮಾನವೇ ಬೇಡ.

ಲೀಗ್‌ಗಳು ಶುರುವಾಗುವ ಮುನ್ನ ಇನ್ನೂ ಹಲವು ಪ್ರದರ್ಶನ ಪಂದ್ಯಗಳ ಸುದ್ದಿ ನಿಮ್ಮ ಪುಟಕ್ಕೆ ಬರಲಿದೆ. ಮೊದಲನೆಯದರಿಂದಲೇ ಬದಲಾವಣೆ ಆಗಲಿ ಎಂದು ಕೋರುತ್ತೇವೆ.

— ಫುಟ್‌ಬಾಲ್ ತರಬೇತುದಾರರು ಮತ್ತು ರೆಫರಿಗಳು, ಕಲಬುರಗಿ